ಆಡು ತಿಂದ ಹೆಸರು

ಪಿಚ್ಚರಿನ ಹೆಸರು ಯಾರಿಗೂ ಓದೋಕೆ ಬರಲಿಲ್ಲ.
ಮಗುಚಿಟ್ಟ ಕುರ್ಚಿಗಳ ಹಾಗಿದ್ದವು ಅಕ್ಷರ.
ನಾವು ಸೇಬಿನ ಪಿಚ್ಚರ್ ಅಂತಿದ್ದೆವು.

ಮಾರಿಕುಪ್ಪಂನಲ್ಲಿ, ಯೂನಿಯನ್ ಆಫೀಸಿನ ಹಿಂದೆ,
ಸೈನೈಡ್ ದಿಬ್ಬಕ್ಕೆ ಬೆನ್ನು ಕೊಟ್ಟು
ಎರಡು ಬಿದಿರಿಗೆ ಒಂದು ದುಪ್ಪಟಿ.
ಗಾಳಿ ಎದ್ದರೆ ರಷ್ಯಾದ ಹೊಟ್ಟೆ ಉಬ್ಬುತ್ತಿತ್ತು.
ಏಳು ರೀಲು, ತಗಡಿನ ಡಬ್ಬ,
ಮದರಾಸಿನಿಂದ ಬಂಗಾರಪೇಟೆವರೆಗೆ ರೈಲಿನಲ್ಲಿ,
ಅಲ್ಲಿಂದ ಅಪ್ಪನ ತೊಡೆಯ ಮೇಲೆ.

ಅಪ್ಪ ಕದಿರಪ್ಪ, ಲ್ಯಾಂಪ್ ರೂಮಿನ ಕೆಲಸ:
ಇಳಿಯುವವರಿಗೆ ದೀಪ ಕೊಡೋದು,
ಹತ್ತಿ ಬಂದವರಿಂದ ವಾಪಸು ಎಣಿಸಿಕೊಳ್ಳೋದು.
ರಷ್ಯನ್ ಒಂದಕ್ಷರ ಬಾರದು.
ಆದರೂ ಮೈಕು ಹಿಡಿದು
ಪರದೆ ಮೇಲೆ ಬಾಯಿ ತೆರೆದವರಿಗೆಲ್ಲ ಮಾತು ಹಂಚುತ್ತಿದ್ದ,
ಅರ್ಧ ಕನ್ನಡ, ಕಾಲು ತೆಲುಗು, ಮಿಕ್ಕಿದ್ದು ತಮಿಳು.

ತೋಟದಲ್ಲಿ ತಕ್ಕಡಿ ಹಿಡಿದ ಗುಮಾಸ್ತ, ಕೋಳಿ ಕತ್ತಿನವ.
ಬುಟ್ಟಿ ಬಿಟ್ಟು ತಾನೇ ತಕ್ಕಡಿ ಹತ್ತಿ ಹಾಡುವ ದಪ್ಪ ಜಡೆಯವಳು.
ಹಾಡಿಗೆ ಮುಳ್ಳು ಕುಣಿಯುತ್ತೆ, ಅಧ್ಯಕ್ಷನ ಮೀಸೆ ಕುಣಿಯುತ್ತೆ,
ಹೊಟ್ಟೆಗೆ ಹಾರ್ಮೋನಿಯಂ ಕಟ್ಟಿಕೊಂಡ ನಲವತ್ತು ಜನ
ಸೇಬಿನ ಸಾಲಿನೊಳಗಿಂದ ನುಗ್ಗಿ ಬರ್ತಾರೆ.
ಅವಳ ಬಾಯಿಂದ ಅಪ್ಪ:
"ಏನ್ ಸಾಮೀ, ನಿಮ್ಮ ಮುಳ್ಳು ಯಾವಾಗ್ಲೂ ಕಂಪನಿ ಕಡೆಗೇ ವಾಲುತ್ತಲ್ಲ!"
ಲೈನ್‌ಮನೆಗಳೆಲ್ಲ ಹೋ ಅನ್ನೋವು.
ಒಂದು ಸಲ ಮೂರನೇ ರೀಲಿನ ಜಾಗಕ್ಕೆ ಐದನೆಯದು ಹಾಕಿ
ಮೊದಲು ಮದುವೆ, ಆಮೇಲೆ ಜಗಳ, ಕೊನೆಗೆ ಪರಿಚಯ.
ಅರುಳ್‌ಮೇರಿ ಅಕ್ಕ ಎದ್ದು ನಿಂತು
ನಮ್ಮಲ್ಲೂ ಅದೇ ವರಸೆ ಅಂದಳು.

ಶುರುವಿನ ಹೆಸರುಗಳ ಸಾಲಲ್ಲಿ ಒಂದು ಕಡೆ
ಬರೀ ಗೀರು. ಬಿಳಿ ಗೀರು, ನಡುಗುತ್ತಿತ್ತು.
"ಇಲ್ಲೊಂದು ಆಡು ಹೆಸರು ತಿಂದ್ಬಿಟ್ಟಿದೆ," ಅನ್ನೋನು ಅಪ್ಪ.
ನಾವು ಹುಡುಗರು ಕಾದಿದ್ದು ಅದಕ್ಕೇ.
ಗೀರು ಬಂತೋ, ಒಟ್ಟಿಗೆ: ಮ್ಯಾ.

ಒಂದು ಶನಿವಾರ, ಕುಣಿತದ ಮಧ್ಯೆ,
ನೆಲ ಒಳಗಿಂದ ಒದ್ದಿತು.
ಏರ್ ಬ್ಲಾಸ್ಟು.
ಬಿದಿರು ಅಲುಗಿತು, ನಗು ಅಲ್ಲಲ್ಲೇ ನಿಂತಿತು,
ಹೆಂಗಸರು ಬೆರಳಲ್ಲಿ ಶಿಫ್ಟು ಎಣಿಸತೊಡಗಿದರು.
ಪರದೆ ಮೇಲಿನವರಿಗೆ ಗೊತ್ತಾಗಲಿಲ್ಲ, ಕುಣಿಯುತ್ತಲೇ ಇದ್ದರು.
ಅಪ್ಪ ಮೈಕಿನಲ್ಲಿ,
ಯಾವ ಪಾತ್ರದ ದನಿಯೂ ಅಲ್ಲದೆ, ಮೆಲ್ಲಗೆ:
"ಇನ್ನೂರ ಹದಿನಾರು ದೀಪ ಕೆಳಗಿವೆ."
ಸಂಗು ಊದಲಿ ಅಂತಲೂ ಅಲ್ಲ, ಊದದಿರಲಿ ಅಂತಲೂ ಅಲ್ಲ,
ಸುಮ್ಮನೆ ದಿಬ್ಬದ ಕಡೆ ನೋಡುತ್ತ ಕೂತೆವು.
ರೀಲು ಮುಗಿದು ಬಾಲ ಟಪಟಪ ಬಡಿಯಿತು.
ಅವತ್ತು ಸಂಗು ಊದಲಿಲ್ಲ.

ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ
ಸ್ವರ್ಣ ರೈಲಿನಲ್ಲಿ ಎದುರು ಕೂತಿದ್ದರು ಸೆಲ್ವನಾಯಗಂ,
ಮಾಸ್ಕೋದಲ್ಲಿ ಕಲ್ಲಿನ ವಿದ್ಯೆ ಓದಿ ಬಂದವರು.
ಆ ವರ್ಷ ಹಿಮ ಬಿದ್ದು ಹೂವೆಲ್ಲ ಸುಟ್ಟಿತ್ತಂತೆ.
ದೂರದಿಂದ ಹನ್ನೆರಡು ಗಾಡಿ ಸೇಬು ತರಿಸಿ
ಊರ ಹೆಂಗಸರ ಕೈಲಿ ರಾತ್ರಿಯೆಲ್ಲ
ಬೋಳು ಕೊಂಬೆಗೆ ದಾರದಲ್ಲಿ ಕಟ್ಟಿಸಿದರಂತೆ.
ಹಾಡು ಬರೆದವನನ್ನು
ಬೂಟಿನ ಲಾಡಿ ಕಟ್ಟಿಕೊಳ್ಳಲೂ ಬಿಡದೆ
ಬೆಳಗಿನ ಜಾವ ಕರೆದೊಯ್ದರಂತೆ.
ಹಾಡು ಬೇಕಾಗಿತ್ತು, ಇಟ್ಟುಕೊಂಡರು.
ಹೆಸರನ್ನು ಒಂದೊಂದೇ ಪ್ರತಿಯಿಂದ
ಚಾಕುವಿನಲ್ಲಿ ಕೆರೆದರು.

ಮನೆಗೆ ಬಂದು ಹೇಳಿದೆ.
ಅಮ್ಮ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ ಕೇಳಿದಳು:
"ಕಟ್ಟಿದೋರಿಗೆ ಒಂದೊಂದಾದ್ರೂ ತಿನ್ನೋಕೆ ಕೊಟ್ರಾ?"
ನನಗೆ ಗೊತ್ತಿರಲಿಲ್ಲ.

ಅಪ್ಪ ಮಾತಾಡಲಿಲ್ಲ.
ಲ್ಯಾಂಪ್ ರೂಮಿನ ಗೋಡೆ ತುಂಬ ಮೊಳೆ ಇದ್ದವು,
ಮೊಳೆಗೊಂದು ನಂಬರು.
ಚಿಕ್ಕವಳಿದ್ದಾಗ ಬುತ್ತಿ ಕೊಡೋಕೆ ಹೋದರೆ
ಖಾಲಿ ಮೊಳೆ ಮುಟ್ಟಬೇಡ ಅಂತ ಕೈ ಹಿಡಿದೆಳೆಯುತ್ತಿದ್ದ.

ಉಂಡು ಕೈ ತೊಳೆದು ಬಂದು
"ನಾನು ಆಡು ಅಂದೆನಲ್ಲ," ಅಂದ,
ಅಷ್ಟು ಜನರ ಮುಂದೆ, ಅಷ್ಟು ವರ್ಷ.

ನನಗೂ ನಲವತ್ತು ದಾಟಿತ್ತು.
ಗಂಟಲಿಗೆ ಬಂದ ಮ್ಯಾ
ನುಂಗಿಕೊಂಡೆ.